ಮದ್ದಿಗಿಂತ ಮೊದಲು ಮಾತು

ಆಸ್ಪತ್ರೆಯ ಕಟ್ಟಡವೆದ್ದ ಮಾತ್ರಕ್ಕೆ ಆರೋಗ್ಯ ಕೈಗೂಡಿತೆಂದು ಭಾವಿಸುವುದು ಸರಿಯಲ್ಲ. ಬಿಳಿಗಿರಿರಂಗನ ಬೆಟ್ಟದಲ್ಲಿ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಆರಂಭಿಸಿದ ಡಾ. ಎಚ್. ಸುದರ್ಶನ್ ಅವರು ಸೋಲಿಗರಿಗೆ ಚಿಕಿತ್ಸೆ ನೀಡಿದರು; ಸೋಲಿಗರಿಂದ ಕಲಿತರು ಕೂಡ. ಕುಕ್ಕರುಗಾಲಿನಲ್ಲಿ ಕುಳಿತು ಹೆರುವ ಅಲ್ಲಿನ ತಾಯಂದಿರ ರೂಢಿಯನ್ನು ಅವರು ಅಜ್ಞಾನವೆಂದು ತಳ್ಳಿಹಾಕಲಿಲ್ಲ.

ಸೋಲಿಗರಲ್ಲಿ ಕಂಡುಬರುವ ಸಿಕಲ್ ಸೆಲ್ ಎಂಬ ಆನುವಂಶಿಕ ರಕ್ತರೋಗದ ವಿಷಯದಲ್ಲಿ ಈ ವಿವೇಕ ಇನ್ನೂ ಅಗತ್ಯ. ತಂದೆತಾಯಿಗಳಿಬ್ಬರೂ ವಾಹಕರಾದಲ್ಲಿ ಪ್ರತಿಯೊಂದು ಮಗುವಿಗೂ ರೋಗ ಬರುವ ಸಂಭವ ಶೇ. 25. ಕೇಂದ್ರ ಸರ್ಕಾರವು 2023ರಲ್ಲಿ ಇದರ ನಿರ್ಮೂಲನಕ್ಕೆ ಅಭಿಯಾನವನ್ನು ಆರಂಭಿಸಿ, ರಕ್ತಪರೀಕ್ಷೆ ಮಾಡಿಸಿಕೊಂಡವರಿಗೆ ಕಾರ್ಡು ನೀಡುವ ಏರ್ಪಾಡು ಮಾಡಿದುದು ಸ್ತುತ್ಯ. ಆದರೆ ವಾಹಕರು ಸಾಮಾನ್ಯವಾಗಿ ರೋಗಿಗಳಲ್ಲವೆಂಬುದನ್ನು ಅವರ ನುಡಿಯಲ್ಲಿಯೇ, ಗುಟ್ಟು ಕಾಯ್ದು, ಮನೆಯವರ ಭಯವನ್ನು ಆಲಿಸಿ ತಿಳಿಹೇಳದಿದ್ದರೆ, ಮದುವೆಗೆ ಬಂದ ಹೆಣ್ಣುಮಗಳಿಗೆ ಆ ಕಾರ್ಡೇ ಕಳಂಕಪತ್ರವಾದೀತು.

ನಮ್ಮಲ್ಲಿ ಕಲಿತು ವೈದ್ಯರಾದವರು ರೋಗಿಯ ನುಡಿ, ನಂಬಿಕೆಗಳನ್ನರಿಯುವುದನ್ನೂ ವೈದ್ಯವಿದ್ಯೆಯ ಅಂಗವೆಂದೇ ಬಗೆಯಬೇಕು. ಅಧ್ಯಾಪಕರು ಇದನ್ನು ತರಗತಿಯಲ್ಲಿಯೇ ಬಿತ್ತಬೇಕು. ದಾನಿಗಳಲ್ಲಿ ಒಂದು ಬಿನ್ನಹ: ಆಸ್ಪತ್ರೆಗೆ ಮಂಚ ಕೊಡುವ ಕೈಗಳು ಪೋಡಿನ ಹುಡುಗಿಯೊಬ್ಬಳ ದಾದಿ ಶಿಕ್ಷಣಕ್ಕೂ ನೆರವಾಗಲಿ. ತಮ್ಮವಳು ಹೇಳಿದ ಮಾತು ಬೇಗ ಮನಸ್ಸಿಗೆ ಇಳಿಯುತ್ತದೆ. ಮಾತು ಇಳಿದಲ್ಲಿ ಮದ್ದೂ ಹಿಡಿಯುತ್ತದೆ.