ಜೋಂಗಾ ಗಾಡಿಯ ಜೀರ್ಣೋದ್ಧಾರ

ಹೋದ ತಿಂಗಳು ಈ ಪುಟಗಳಲ್ಲಿ ಅಟ್ಟದ ಮೇಲಣ ಹಿತ್ತಾಳೆಯ ಪಾತ್ರೆಗಳ ವಿಚಾರವನ್ನು ಬರೆದಿದ್ದೆನಷ್ಟೆ. ಅದನ್ನು ಓದಿದ ನನ್ನ ತಂಗಿ, "ಅಣ್ಣ, ಹಳೆಯ ಪಾತ್ರೆಗೆ ಕಲಾಯಿ ಹಾಕಿಸಿ ಎಂದು ಊರಿಗೆಲ್ಲಾ ಹೇಳುತ್ತೀಯೆ. ನಮ್ಮ ಮನೆಯ ಪಕ್ಕದಲ್ಲಿ ನಿಂತಿರುವ ಆ ಹಳೆಯ ಕಬ್ಬಿಣಕ್ಕೆ ಏನು ಹಾಕಿಸಬೇಕೋ ಅದನ್ನೂ ಬರೆ" ಎಂದಳು. ಅವಳ ಮಾತಿನಲ್ಲಿದ್ದ ಕೋಪವು ನ್ಯಾಯವಾದುದೇ. ಆ ಕಬ್ಬಿಣದ ವಿಷಯದಲ್ಲಿ ನನ್ನ ತಪ್ಪೂ ಉಂಟು. ಆದುದರಿಂದ ಈ ತಿಂಗಳು ಅದನ್ನೇ ಬರೆಯುತ್ತೇನೆ. ವಾಚಕರಲ್ಲಿ ಯಾರಿಗಾದರೂ ಪ್ರಯೋಜನವಾದರೆ ನನ್ನ ತಪ್ಪಿಗೆ ಅಷ್ಟರ ಮಟ್ಟಿಗೆ ಪರಿಹಾರವಾದೀತು.

ತಂಗಿಯ ಮನೆ ಇರುವುದು ಬನಶಂಕರಿ ಎರಡನೆಯ ಹಂತದಲ್ಲಿ. ಅವಳ ಮಗ ಕಂಪ್ಯೂಟರಿನ ಉದ್ಯೋಗದವನು. ದಿನವೆಲ್ಲಾ ಕುಳಿತು ಕಣ್ಣಿಗೆ ಕಾಣದ ಯಂತ್ರಗಳನ್ನು ನಡೆಸುವವನಿಗೆ ಕೈಗೆ ಮಸಿ ಹತ್ತುವ ಯಂತ್ರವೊಂದು ಬೇಕೆನ್ನಿಸಿತೋ ಏನೋ, ಎರಡು ವರ್ಷದ ಹಿಂದೆ ಕೊಡಗಿನ ತೋಟಗಾರರೊಬ್ಬರಿಂದ, ಅವರು ಬಹುಕಾಲದ ಕೆಳಗೆ ಸೈನ್ಯದ ಹರಾಜಿನಲ್ಲಿ ಕೊಂಡಿದ್ದ ಜೋಂಗಾ ಗಾಡಿಯನ್ನು ತಂದು, ಮನೆಯ ಪಕ್ಕದ ಖಾಲಿ ಸೈಟಿನಲ್ಲಿ ನಿಲ್ಲಿಸಿದನು. ಅದನ್ನು ಸರಿಪಡಿಸಿ, ಮಲೆನಾಡಿನ ಕೆಸರು ಕಲ್ಲುಗಳ ದಾರಿಯಲ್ಲಿ ಓಡಿಸಬೇಕೆಂಬುದು ಅವನ ಆಸೆ.

ಜೋಂಗಾ ಎಂಬ ಪದವನ್ನು ಕೇಳಿದೊಡನೆ ನಾನು ಅಭ್ಯಾಸಬಲದಿಂದ ಧಾತುವನ್ನು ಹುಡುಕಿದೆನು. ಅದು ಸಂಸ್ಕೃತವೂ ಅಲ್ಲ, ಜಪಾನೀ ಭಾಷೆಯೂ ಅಲ್ಲ. 'ಜಬಲ್ಪುರ್ ಆರ್ಡ್ನೆನ್ಸ್ ಅಂಡ್ ಗನ್‌ಕ್ಯಾರಿಯೇಜ್ ಅಸೆಂಬ್ಲಿ' ಎಂಬ ಉದ್ದನೆಯ ಹೆಸರಿನಿಂದ ಅಕ್ಷರಗಳನ್ನು ಆಯ್ದು ಕೂಡಿಸಿದ ಮಾತು. ಜಪಾನಿನ ನಿಸ್ಸಾನ್ ಕಂಪನಿಯವರು 1965ರಲ್ಲಿ ತಮ್ಮ 'ಪಟ್ರೋಲ್' ಎಂಬ ಗಾಡಿಯನ್ನು ನಮ್ಮ ಸೈನ್ಯಕ್ಕಾಗಿ ಇಲ್ಲಿಯೇ ತಯಾರಿಸಲು ಹಕ್ಕನ್ನು ಕೊಟ್ಟರು. ಅದರಂತೆ 1969ರಿಂದ 1999ರ ವರೆಗೆ, ಮೂವತ್ತು ವರ್ಷಗಳ ಕಾಲ, ಜಬಲ್ಪುರದ ಸರ್ಕಾರಿ ಕಾರ್ಖಾನೆಯಲ್ಲಿ ಜೋಂಗಾಗಳು ತಯಾರಾದುವು. ಇದರ ಒಡಹುಟ್ಟಿನಂತಿರುವ ಒಂದು ಟನ್ನಿನ ನಿಸ್ಸಾನ್ ಲಾರಿಯೂ, ಜರ್ಮನಿಯ ಮಾನ್ ಕಂಪನಿಯ ಮಾದರಿಯ ಶಕ್ತಿಮಾನ್ ಲಾರಿಯೂ ಆ ಊರಿನವೇ. ಜೋಂಗಾದ ಎಂಜಿನು ಪೆಟ್ರೋಲಿನದು. ಆರು ಸಿಲಿಂಡರು, 3,956 ಘನ ಸೆಂಟಿಮೀಟರು, 110 ಕುದುರೆಗಳ ಬಲ. ನಾಲ್ಕು ಚಕ್ರಗಳಿಗೂ ಎಂಜಿನಿನ ಬಲವನ್ನು ಹಾಯಿಸುವ ಏರ್ಪಾಟು ಉಂಟು.

ಮಗನಿಗೆ ಬುದ್ಧಿ ಹೇಳೆಂದು ತಂಗಿ ನನ್ನನ್ನು ಜಯನಗರದಿಂದ ಕರೆಸಿದಳು. ನಾನು ಹೋದಾಗ ಅವನು ಮುಂಭಾಗದ ತಗಡಿನ ಬಣ್ಣವನ್ನು ಕೆರೆಯುತ್ತಿದ್ದನು. ತೋಟದವರು ಬಳಿದಿದ್ದ ನೀಲಿಯ ಕೆಳಗೆ ಸೈನ್ಯದ ಹಸುರು. ಹಸುರಿನ ಮೇಲೆ, ಅರ್ಧ ಅಳಿಸಿಹೋಗಿದ್ದ ಸಂಖ್ಯೆಯ ಮೊದಲಲ್ಲಿ, ಮೇಲ್ಮುಖವಾದ ಒಂದು ಬಾಣ. ಸೈನ್ಯದ ಗಾಡಿಗಳ ಸಂಖ್ಯೆಯು ಆ ಬಾಣದಿಂದಲೇ ಆರಂಭವಾಗುವುದು. ಹಳೆಯ ತಾಳೆಗರಿಯಲ್ಲಿ ಮಸುಕಾದ ಅಕ್ಷರವನ್ನು ಕಂಡವನಂತೆ ನಾನು ಬಂದ ಕಾರ್ಯವನ್ನು ಮರೆತೆನು. ಬುದ್ಧಿ ಹೇಳುವುದಿರಲಿ, ಮರುವಾರ ನನ್ನ ಪಿಂಚಣಿಯ ಹಣದಲ್ಲಿ ನಲವತ್ತು ಸಾವಿರ ರೂಪಾಯಿಗಳನ್ನು ಅವನ ಕೈಗಿಟ್ಟೆನು. ಇದು ತಂಗಿಗೆ ಆಗ ತಿಳಿಯದು.

ಶಾಲೆಯಲ್ಲಿ ಸಂಧಿಪ್ರಕರಣವನ್ನು ಓದಿದವರಿಗೆಲ್ಲಾ ಲೋಪ, ಆಗಮ, ಆದೇಶ ಎಂಬ ಮೂರು ಮಾತುಗಳು ನೆನಪಿರಬಹುದು. ಇದ್ದ ಅಕ್ಷರವು ಹೋಗುವುದು ಲೋಪ. ಊರು, ಊರು ಸೇರಿ ಊರೂರು. ಇಲ್ಲದ ಅಕ್ಷರವು ನಡುವೆ ಬಂದು ಸೇರುವುದು ಆಗಮ. ಮನೆ, ಅನ್ನು ಸೇರಿ ಮನೆಯನ್ನು. ಒಂದರ ಸ್ಥಾನದಲ್ಲಿ ಮತ್ತೊಂದು ಕುಳಿತುಕೊಳ್ಳುವುದು ಆದೇಶ; ಮಳೆ, ಕಾಲ ಸೇರಿ ಮಳೆಗಾಲ. ಇದ್ದುದನ್ನು ಕೆಡಿಸದೆ ಪಕ್ಕದಲ್ಲಿ ಬಂದು ಕೂರುವುದರಿಂದ ಆಗಮವನ್ನು ಮಿತ್ರನಿಗೂ, ಇದ್ದುದನ್ನು ಓಡಿಸಿ ತಾನು ಕೂರುವುದರಿಂದ ಆದೇಶವನ್ನು ಶತ್ರುವಿಗೂ ವೈಯಾಕರಣರು ಹೋಲಿಸುವುದುಂಟು. ಹಳೆಯ ಗಾಡಿಯ ಕೆಲಸವೂ ಈ ಮೂರರಲ್ಲಿಯೇ ಅಡಗಿದೆ. ತುಕ್ಕು ತಿಂದುದು ಲೋಪ. ಹೊಸದಾಗಿ ಕೂಡಿಸುವುದು ಆಗಮ. ಎಂಜಿನನ್ನೇ ತೆಗೆದು ಬೇರೊಂದನ್ನು ಕೂರಿಸುವುದು ಆದೇಶ. ಹೀಗೆಂದು ನಾನು ಹುಡುಗನಿಗೆ ಉಪನ್ಯಾಸ ಮಾಡಿ, "ಆದೇಶ ಬೇಡ, ಆಗಮಕ್ಕೆ ಅಡ್ಡಿಯಿಲ್ಲ" ಎಂದು ಅಪ್ಪಣೆ ಕೊಟ್ಟೆನು. ವ್ಯಾಕರಣವೇನೋ ಸರಿಯಾಗಿತ್ತು.

ಲೋಪವೇನೂ ಸ್ವಲ್ಪವಾಗಿರಲಿಲ್ಲ. ಕಾಲಿಡುವ ತಗಡು ಜರಡಿಯಾಗಿದ್ದಿತು. ಅದನ್ನು ಕತ್ತರಿಸಿ, ಹೊಸ ತಗಡನ್ನು ಬೆಸೆದು, ಕೆಂಪು ಆಕ್ಸೈಡು ಬಳಿದುದಾಯಿತು. ಬೇರಿಂಗು, ರಬ್ಬರು, ಗ್ಯಾಸ್ಕೆಟ್ಟುಗಳಿಗಾಗಿ ಜೆ.ಸಿ. ರಸ್ತೆಯ ಮೋಟಾರು ಸಾಮಾನಿನ ಅಂಗಡಿಗಳನ್ನು ಎಷ್ಟೋ ಶನಿವಾರಗಳು ಸುತ್ತಿದೆವು. ಕೆಲಸಕ್ಕೆ ಸಿಕ್ಕಿದವರು ಎಪ್ಪತ್ತು ವಯಸ್ಸಿನ ಒಬ್ಬ ಮೇಸ್ತ್ರಿ ಸಾಹೇಬರು. ಅವರು ಗಾಡಿಯ ಅಡಿಯಲ್ಲಿ ಅರ್ಧ ಗಂಟೆ ಮಲಗಿದ್ದು ಎದ್ದು ಬಂದು, "ಮೇಷ್ಟ್ರೇ, ಬ್ರೇಕಿನ ಪೈಪು, ಹೋಸು ಎಲ್ಲಾ ಹಳೇದು. ಮೊದಲು ನಿಲ್ಲೋದು ಕಲೀಲಿ, ಆಮೇಲೆ ಬೆಟ್ಟ ಹತ್ತಲಿ" ಎಂದರು. ಆದರೆ ಟೈರುಗಳಿಗೂ ಸ್ಪ್ರಿಂಗುಗಳಿಗೂ ಕೊಟ್ಟು ಉಳಿದ ಹಣ ಸ್ವಲ್ಪ. ಮಳೆಗಾಲ ಕಳೆಯಲಿ, ಬ್ರೇಕನ್ನು ಆಮೇಲೆ ನೋಡೋಣವೆಂದು ಹುಡುಗನೆಂದನು. ಕಾಲಿಟ್ಟರೆ ಗಾಡಿ ನಿಲ್ಲುತ್ತದಲ್ಲಾ ಎಂದು ನಾನೂ ತಲೆಯಾಡಿಸಿದೆನು.

ಆಗಮಗಳನ್ನು ಹೇಳುತ್ತೇನೆ. ಕೆಸರಿನಲ್ಲಿ ಹಿಡಿತ ಕೊಡುವ ದಪ್ಪ ಹಲ್ಲಿನ ಟೈರುಗಳು ಬಂದುವು. ಮುಂದುಗಡೆ ವಿಂಚು, ಎಂದರೆ ಉಕ್ಕಿನ ಹಗ್ಗವನ್ನು ಮರಕ್ಕೆ ಬಿಗಿದು ಗಾಡಿಯು ತನ್ನನ್ನು ತಾನೇ ಎಳೆದುಕೊಳ್ಳುವ ರಾಟೆ, ಬಂದಿತು. ಮರದ ತೊಗಟೆ ಕೊಯ್ಯದಂತೆ ಅದಕ್ಕೆ ಅಗಲವಾದ ಪಟ್ಟಿಯನ್ನು ಸುತ್ತಬೇಕು. ಹಳ್ಳ ದಾಟುವಾಗ ಎಂಜಿನು ನೀರು ಕುಡಿಯದಂತೆ ಗಾಳಿಯ ಕೊಳವೆಯನ್ನು ಮಾಡಿನವರೆಗೆ ಎತ್ತಿದರು. ಇದರಿಂದ ಪೂರ್ಣ ರಕ್ಷಣೆಯೆಂದು ತಿಳಿಯಬಾರದು. ಪೆಟ್ರೋಲ್ ಎಂಜಿನಿನಲ್ಲಿ ಕಿಡಿಯನ್ನು ಹಂಚುವ ಡಿಸ್ಟ್ರಿಬ್ಯೂಟರು ನೆನೆದರೆ ಕೊಳವೆ ಎಷ್ಟು ಎತ್ತರವಿದ್ದರೂ ಗಾಡಿ ನಿಲ್ಲುವುದು. ಕಡೆಯದಾಗಿ, ಕಲ್ಲುಗಳು ಅಡಿಗೆ ತಾಗದಿರಲೆಂದು ಸ್ಪ್ರಿಂಗಿಗೆ ಪಟ್ಟಿಗಳನ್ನು ಸೇರಿಸಿ, ಗಾಡಿಯನ್ನು ಮೂರು ಅಂಗುಲ ಮೇಲೆತ್ತಿದರು. ನನ್ನ ನಲವತ್ತು ಸಾವಿರದಲ್ಲಿ ಬಹುಭಾಗ ಆ ಮೂರು ಅಂಗುಲಕ್ಕೆ ಹೋಯಿತು.

ಜುಲೈ ತಿಂಗಳಲ್ಲಿ ಸಕಲೇಶಪುರದ ಕಡೆ ಹುಡುಗನ ಸ್ನೇಹಿತರ ಕಾಫಿ ತೋಟಕ್ಕೆ ಹೊರಟೆವು. ತಂಗಿಗೆ ಧೈರ್ಯ ಬರಲೆಂದು ನಾನೂ ಜೊತೆಯಲ್ಲಿ ಕುಳಿತೆನು. ಹತ್ತುವಾಗ ಗಾಡಿಯ ಠೀವಿಯನ್ನು ನೋಡಿ ನನಗೆ ಹೆಮ್ಮೆಯಾಯಿತು. ಟೈರಿನ ಗಾಳಿಯನ್ನು ಸ್ವಲ್ಪ ಇಳಿಸಿದ್ದರಿಂದ ರಬ್ಬರು ನೆಲದ ಮೇಲೆ ಅಗಲವಾಗಿ ಹರಡಿ, ಜಾರುವ ಮಣ್ಣನ್ನು ಹಿಡಿದುಕೊಂಡು ಏರುತ್ತಿದ್ದಿತು. ಇಳಿಯುವಾಗ, ತೋಟದ ದಾರಿಯ ಬಲಕ್ಕೆ ಆಳವಾದ ಕಣಿವೆಯಿದ್ದೆಡೆಯಲ್ಲಿ, ಮುಂದಿನ ಎಡಚಕ್ರವು ಒಂದು ಕೊರಕಲಿಗೆ ಧೊಪ್ಪನೆ ಇಳಿಯಿತು. ಹುಡುಗನು ಬ್ರೇಕನ್ನು ತುಳಿದನು. ಪೆಡಲು ಪ್ರತಿರೋಧವಿಲ್ಲದೆ ತಳಕ್ಕೆ ಹೋಯಿತು.

"ಮಾವ, ಹಿಡಿದುಕೊಳ್ಳಿ" ಎಂದಷ್ಟೇ ಅವನು ಹೇಳಿದ್ದು. ದೇವರ ದಯೆಯಿಂದ ಇಳಿಜಾರಿನ ಆರಂಭದಲ್ಲಿಯೇ ಅವನು ನಿಧಾನದ ಗೇರಿಗೆ ಹಾಕಿದ್ದನು. ಹಾಗೆ ಹಾಕಿದಾಗ ಚಕ್ರಗಳು ಓಡಬೇಕಾದರೆ ಎಂಜಿನನ್ನೂ ತಿರುಗಿಸಿಕೊಂಡೇ ಓಡಬೇಕಾಗುವುದರಿಂದ ಎಂಜಿನೇ ಗಾಡಿಯನ್ನು ಹಿಡಿದಿಡುವುದು. ಆ ಹಿಡಿತದಲ್ಲಿ ಅವನು ಎಡಗಡೆಯ ಮಣ್ಣಿನ ದಿಬ್ಬಕ್ಕೆ ಗಾಡಿಯನ್ನು ಒತ್ತರಿಸಿ, ಕೈಬ್ರೇಕನ್ನು ಎಳೆದು ನಿಲ್ಲಿಸಿದನು. ಬಲಗಡೆಯ ಚಕ್ರಕ್ಕೂ ಕಣಿವೆಗೂ ನಡುವೆ ಎಷ್ಟು ಜಾಗವಿದ್ದಿತೆಂಬುದನ್ನು ನಾನು ಇಳಿದ ಮೇಲೆ ನೋಡಿದೆನು. ಅದನ್ನು ಈವರೆಗೆ ತಂಗಿಗೆ ಹೇಳಿಲ್ಲ. ಈ ಪುಟವನ್ನು ಓದಿದರೆ ತಿಳಿಯುವುದು.

ಆದುದೇನೆಂದರೆ, ಬ್ರೇಕಿನ ಎಣ್ಣೆಯನ್ನು ಚಕ್ರಕ್ಕೆ ಒಯ್ಯುವ ರಬ್ಬರಿನ ಹೋಸು ಗಾಡಿಯ ಮೂಲದ ಎತ್ತರಕ್ಕೆ ತಕ್ಕ ಉದ್ದದ್ದು. ಗಾಡಿಯನ್ನು ಮೂರು ಅಂಗುಲ ಎತ್ತಿದಾಗ ಅದು ಬಿಗಿಯಾಯಿತು. ಚಕ್ರ ಕೊರಕಲಿಗೆ ಇಳಿದಾಗ ಮತ್ತಷ್ಟು ಎಳೆದುಕೊಂಡು, ಹಳೆಯದಾಗಿದ್ದುದರಿಂದ ಹರಿಯಿತು. ಹಳೆಯ ಬಗೆಯ ಬ್ರೇಕಿನಲ್ಲಿ ನಾಲ್ಕು ಚಕ್ರಗಳಿಗೂ ಎಣ್ಣೆಯ ದಾರಿ ಒಂದೇ. ಒಂದೆಡೆ ಹರಿದರೆ ನಾಲ್ಕೂ ಹೋದಂತೆ. ನಾನು ಮಿತ್ರನೆಂದು ಹಣ ಕೊಟ್ಟು ಕರೆಸಿದ ಆಗಮವೇ ಲೋಪಕ್ಕೆ ಕಾರಣವಾಯಿತು. ಅಕ್ಷರಗಳಿಗೆ ಭಾರವಿಲ್ಲ, ಎಳೆತವಿಲ್ಲ, ಕಬ್ಬಿಣಕ್ಕೆ ಉಂಟು. ಒಂದು ಕಡೆ ಏನನ್ನು ಕೂಡಿಸಿದರೂ ಮತ್ತೊಂದು ಕಡೆ ಯಾವುದು ಬಿಗಿಯಾಯಿತೆಂದು ನೋಡಲೇಬೇಕು.

ಗಾಡಿಯು ಲಾರಿಯ ಮೇಲೆ ಬೆಂಗಳೂರಿಗೆ ಮರಳಿತು. ಮೇಸ್ತ್ರಿ ಸಾಹೇಬರು ಒಂದು ಮಾತೂ ಆಡಲಿಲ್ಲ. ಅದೇ ದೊಡ್ಡ ಶಿಕ್ಷೆ. ಮೂರು ತಿಂಗಳು ಹೊಸ ಸಾಮಾನನ್ನು ಕೊಳ್ಳದೆ ಹಳೆಯದನ್ನೇ ಸರಿಪಡಿಸಿದ್ದಾಯಿತು. ಸ್ಪ್ರಿಂಗು ಸೈನ್ಯದ ಎತ್ತರಕ್ಕೆ ಇಳಿಯಿತು. ಬ್ರೇಕಿನ ಪೈಪು, ಹೋಸು, ಸಿಲಿಂಡರುಗಳೆಲ್ಲಾ ಹೊಸವಾದುವು. ಬ್ರೇಕಿನ ಎಣ್ಣೆಯು ಗಾಳಿಯಲ್ಲಿನ ತೇವವನ್ನು ಹೀರುವುದರಿಂದ ಅದನ್ನು ಕಾಲಕಾಲಕ್ಕೆ ಬದಲಾಯಿಸಬೇಕು. ತೇವ ಸೇರಿದ ಎಣ್ಣೆ ಘಾಟಿಯ ಇಳಿಜಾರಿನಲ್ಲಿ ಕಾದು ಕುದಿದರೆ ಪೆಡಲು ಮೆತ್ತಗಾಗುವುದು. ಪೆಟ್ರೋಲಿನ ಹೋಸುಗಳನ್ನೂ ಬಿಡಲಿಲ್ಲ. ಈಗ ನಮಗೆ ದೊರೆಯುವ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಪಾಲಿನವರೆಗೆ ಎಥನಾಲ್ ಬೆರೆತಿದೆ. ಹಳೆಯ ಕಾಲದ ರಬ್ಬರು ಅದನ್ನು ತಡೆಯಲಾರದೆ ಉಬ್ಬಿ ಬಿರಿಯಬಹುದು. ಕಾದ ಎಂಜಿನಿನ ಮೇಲೆ ಪೆಟ್ರೋಲು ತೊಟ್ಟಿಕ್ಕಿದರೆ ಆಗುವುದನ್ನು ಹೇಳಬೇಕಾಗಿಲ್ಲ.

ಇನ್ನು ಆದೇಶದ ವಿಚಾರ. ಲೀಟರಿಗೆ ನಾಲ್ಕೈದು ಕಿಲೋಮೀಟರು ಮಾತ್ರ ಓಡುವ ಎಂಜಿನನ್ನು ತೆಗೆದು ಡೀಸೆಲ್ ಎಂಜಿನನ್ನು ಕೂರಿಸುವವರು ಬಹಳ ಮಂದಿ ಇದ್ದಾರೆ. ಲೀಟರಿನ ಬೆಲೆ ನೂರು ರೂಪಾಯಿಗಳನ್ನು ದಾಟಿರುವ ಈ ಕಾಲದಲ್ಲಿ ಆ ಆಸೆಯನ್ನು ಹಳಿಯಲಾರೆ. ಆದರೆ 1988ರ ಮೋಟಾರು ವಾಹನಗಳ ಕಾನೂನಿನ 52ನೆಯ ಕಲಮಿನಂತೆ, ನೋಂದಣಿಯ ಪತ್ರದಲ್ಲಿರುವ ವಿವರಗಳು ತಯಾರಕರ ಮೂಲವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿಯಿತು. ಎಂಜಿನು ಬದಲಾಯಿಸುವುದಕ್ಕೆ ಸಾರಿಗೆ ಅಧಿಕಾರಿಗಳ ಅನುಮತಿಯೂ, ಪತ್ರದಲ್ಲಿ ದಾಖಲೆಯೂ ಬೇಕೇ ಬೇಕು. 2021ರಲ್ಲಿ ಕೇಂದ್ರ ಸರ್ಕಾರದವರು ಐವತ್ತು ವರ್ಷ ಮೀರಿದ ಹಳೆಯ ಕಾರು ಮೊದಲಾದುವಕ್ಕೆ ಪ್ರತ್ಯೇಕ ನೋಂದಣಿಯನ್ನು ಏರ್ಪಡಿಸಿದರು. ಅದೂ ಮೂಲರೂಪ ಕೆಡದವಕ್ಕೆ ಮಾತ್ರ. ನಮ್ಮ ಜೋಂಗಾ 1980ರ ದಶಕದ್ದು. ಆ ವಯಸ್ಸು ಬರುವವರೆಗೆ ಕಾದಿರುವುದಾದರೆ ಎಂಜಿನನ್ನು ಮುಟ್ಟದಿರುವುದೇ ಮೇಲು. ಹುಡುಗನು ಒಪ್ಪಿದನು; ತಿಂಗಳಿಗೊಮ್ಮೆ ಮಾತ್ರ ಓಡಿಸುವುದೆಂದು ಖರ್ಚಿಗೆ ಮಿತಿಯನ್ನು ಹಾಕಿಕೊಂಡನು.

ಮನೆಯಲ್ಲಿ ಇಂಥ ಆಸೆಯ ಮಕ್ಕಳಿರುವ ಗೃಹಸ್ಥರಿಗೆ ನಾನು ಹೇಳತಕ್ಕದ್ದು ಇಷ್ಟು. ಬೇಡವೆಂದು ಕೂಗಾಡಬೇಡಿ, ನನ್ನಂತೆ ಮರುಳಾಗಿ ಹಣವನ್ನೂ ಸುರಿಯಬೇಡಿ. ಗಾಡಿಯನ್ನು ನೋಡುವ ಮೊದಲು ಕಾಗದಗಳನ್ನು ನೋಡಿ: ಹರಾಜಿನ ಪತ್ರ, ನೋಂದಣಿ, ಎಂಜಿನ್ ಮತ್ತು ಚಾಸಿಸಿನ ಸಂಖ್ಯೆಗಳು ಒಂದಕ್ಕೊಂದು ಹೊಂದಬೇಕು. ಕೊಂಡ ಬೆಲೆಯಷ್ಟೇ ಹಣವನ್ನು ದುರಸ್ತಿಗೆಂದು ಬೇರೆಯಾಗಿ ತೆಗೆದಿಡಿ. ಅದರಲ್ಲಿ ಮೊದಲ ಪಾಲು ಬ್ರೇಕಿಗೆ, ಅನಂತರ ಸ್ಟೀರಿಂಗಿಗೆ, ಅಲಂಕಾರಕ್ಕೆ ಕಡೆಯದು. ಓಡಿಸುವುದು ಖಾಸಗಿ ಜಮೀನಿನಲ್ಲಿ, ಒಡೆಯರ ಒಪ್ಪಿಗೆಯಿಂದ ಆಗಲಿ. ಕಾದಿಟ್ಟ ಅರಣ್ಯದೊಳಕ್ಕೆ ಅನುಮತಿಯಿಲ್ಲದೆ ನುಗ್ಗುವುದು ಅಪರಾಧ. ಚಕ್ರದ ಗುರುತು ಬಿದ್ದ ಹುಲ್ಲುಗಾವಲು ಮಳೆಗೆ ಕೊಚ್ಚಿಹೋಗುವುದು. ಒಂಟಿಯಾಗಿ ಹೋಗಕೂಡದು, ಎಳೆಯುವುದಕ್ಕೆ ಮತ್ತೊಂದು ಗಾಡಿ ಜೊತೆಯಲ್ಲಿರಲಿ.

ತಂಗಿಯು ಇದುವರೆಗೂ ಆ ಗಾಡಿಯನ್ನು ಹತ್ತಿಲ್ಲ. ಆದರೆ ಮೊನ್ನೆ ಭಾನುವಾರ ಹುಡುಗನು ಕನಕಪುರದ ರಸ್ತೆಯ ಕಡೆಗೆ ಹೊರಟಾಗ ಬಾಗಿಲಿಗೆ ಬಂದು, "ಹೋಸು ನೋಡಿದೆಯೇನೋ?" ಎಂದು ಕೇಳಿದಳು. ಅವನು ನೋಡಿದ್ದೇನೆಂದನು. ಅವಳು ನನ್ನ ಕಡೆಗೆ ತಿರುಗಿ, "ನೀನು ನೋಡಿದೆಯಾ?" ಎಂದಳು. ನಾನು ಪಂಚೆಯನ್ನು ಎತ್ತಿಕಟ್ಟಿ ಗಾಡಿಯ ಅಡಿಗೆ ಬಗ್ಗಿದೆನು.