ಮಣ್ಣಿನಲ್ಲಿ ಹೂತ ಇಪ್ಪತ್ತು ಸೀಸೆಗಳು

ಹಿತ್ತಿಲಿನಲ್ಲಿ ಸೊಪ್ಪಿನ ಪಾತಿಯನ್ನು ಮಾಡಿ ನೋಡಿದ ಗೃಹಸ್ಥರೆಲ್ಲರೂ ಒಂದು ಪ್ರಶ್ನೆಯನ್ನು ಕೇಳಿಕೊಂಡೇ ಇರುವರು. ಕಳೆಯನ್ನು ಬೇರುಸಹಿತ ಕಿತ್ತೆವು, ಬೀಜ ಕಟ್ಟಲು ಬಿಡಲಿಲ್ಲ. ಆದರೂ ಒಂದು ಮಳೆ ಬಿದ್ದು ನೆಲವನ್ನು ಅಗೆದೊಡನೆಯೇ ಅದೇ ಕಳೆ ಹಸುರಾಗಿ ಎದ್ದು ನಿಲ್ಲುವುದು. ಇದು ಎಲ್ಲಿಂದ ಬಂದಿತು? ಗಾಳಿಯಿಂದ ಬಂದಿತೆಂದು ಕೆಲವರು, ಗೊಬ್ಬರದಿಂದ ಬಂದಿತೆಂದು ಕೆಲವರು ಹೇಳುವರು. ಎರಡೂ ಸುಳ್ಳಲ್ಲ. ಆದರೆ ಬಹುಪಾಲು ಕಳೆ ಹುಟ್ಟುವುದು ಅದೇ ಮಣ್ಣಿನಲ್ಲಿ ಮೊದಲೇ ಬಿದ್ದಿದ್ದ ಬೀಜಗಳಿಂದ. ನಾವು ಆ ನಿವೇಶನವನ್ನು ಕ್ರಯಕ್ಕೆ ಪಡೆಯುವುದಕ್ಕೆ ಎಷ್ಟೋ ಮುಂಚೆ ಉದುರಿದ ಬೀಜಗಳು ಕತ್ತಲಿನಲ್ಲಿ ಮಲಗಿ ಕಾದಿರುತ್ತವೆ.

ಎಷ್ಟು ಕಾಲ ಕಾದಾವು? ಇದನ್ನು ಊಹೆಗೆ ಬಿಡದೆ ಪರೀಕ್ಷಿಸಿಯೇ ತಿಳಿಯಬೇಕೆಂದು ಹೊರಟವರು ಅಮೆರಿಕಾ ದೇಶದ ವಿಲಿಯಂ ಜೇಮ್ಸ್ ಬೀಲ್ ಎಂಬ ಪಂಡಿತರು. ಮಿಶಿಗನ್ ಸಂಸ್ಥಾನದ ವ್ಯವಸಾಯ ಕಾಲೇಜಿನಲ್ಲಿ ಅವರು ಸಸ್ಯಶಾಸ್ತ್ರದ ಉಪಾಧ್ಯಾಯರಾಗಿದ್ದರು. ಎಷ್ಟು ವರ್ಷ ಕಳೆ ಕಿತ್ತರೆ ಹೊಲ ಶುದ್ಧವಾದೀತು ಎಂಬುದು ಅಲ್ಲಿಯ ರೈತರಿಗೂ ಬೇಕಾದ ಪ್ರಶ್ನೆಯಾಗಿತ್ತು. 1879ನೆಯ ಇಸವಿಯ ಶರತ್ಕಾಲದಲ್ಲಿ ಬೀಲರು 21 ಜಾತಿಯ ಗಿಡಗಳ ಬೀಜಗಳನ್ನು ಆರಿಸಿದರು. ಒಂದೊಂದು ಜಾತಿಯಿಂದ 50 ಬೀಜಗಳಂತೆ ಎಣಿಸಿ, ತೇವವುಳ್ಳ ಮರಳಿನಲ್ಲಿ ಕಲಸಿ ಒಂದು ಸೀಸೆಯಲ್ಲಿ ತುಂಬಿದರು. ಹೀಗೆ 20 ಸೀಸೆಗಳು. ಒಂದೊಂದರಲ್ಲಿ 1050 ಬೀಜಗಳು. ಅವುಗಳಿಗೆ ಬಿರಡೆ ಹಾಕಲಿಲ್ಲ. ಒಳಗೆ ನೀರು ನಿಲ್ಲದಂತೆ ಬಾಯಿಯನ್ನು ಓರೆಯಾಗಿ ಕೆಳಮುಖ ಮಾಡಿ, ಕಾಲೇಜಿನ ಆವರಣದ ಒಂದು ಮರಳುದಿಬ್ಬದಲ್ಲಿ ಹೂತಿಟ್ಟರು. ಐದು ವರ್ಷಕ್ಕೊಂದರಂತೆ ಸೀಸೆಯನ್ನು ತೆಗೆದು ಬೀಜಗಳನ್ನು ಬಿತ್ತಿ ನೋಡುವುದೆಂದು ಸಂಕಲ್ಪ.

ಆ ಬೀಜಗಳ ಪಟ್ಟಿಯನ್ನು ನೋಡಿದರೆ ನಮ್ಮ ಗೃಹಿಣಿಯರಿಗೆ ನಗು ಬಂದೀತು. ಕರಿಸಾಸಿವೆ ಅದರಲ್ಲಿದೆ, ನಾವು ಹುಳಿಗೆ ಹಾಕುವ ಗೋಣಿಸೊಪ್ಪು ಇದೆ, ನಮ್ಮ ದಂಟಿನ ದಾಯಾದಿಯೊಂದು ಇದೆ. ಒಬ್ಬರ ಅಡಿಗೆ ಮನೆಯ ಪದಾರ್ಥ ಇನ್ನೊಬ್ಬರ ಹೊಲದ ಶತ್ರು.

ಐದು ವರ್ಷಕ್ಕೊಂದರಂತೆ 20 ಸೀಸೆಗಳಿಗೆ ನೂರು ವರ್ಷ ಬೇಕಷ್ಟೆ. ಹೂಳುವಾಗ ಬೀಲರಿಗೆ ವಯಸ್ಸು 46. ಕೊನೆಯ ಸೀಸೆಯನ್ನು ತಾವು ಕಾಣುವುದಿಲ್ಲವೆಂದು ತಿಳಿದೇ ಅವರು ಗುದ್ದಲಿ ಹಿಡಿದರು. 1910ರಲ್ಲಿ ಅವರು ವಿಶ್ರಾಂತರಾದ ಮೇಲೆ ಡಾರ್ಲಿಂಗ್ಟನ್ ಎಂಬವರು ಆ ಕಾರ್ಯವನ್ನು ವಹಿಸಿಕೊಂಡರು. ಅವರಿಂದ ಮುಂದಿನವರಿಗೆ, ಅವರಿಂದ ಇನ್ನೂ ಮುಂದಿನವರಿಗೆ. ಬೀಲರು 1924ರಲ್ಲಿ ತೀರಿಕೊಂಡರು. ಬೀಜಗಳು ಎಣಿಸಿದ್ದಕ್ಕಿಂತ ಹೆಚ್ಚು ಕಾಲ ಬದುಕುವುದನ್ನು ಕಂಡು, 1920ರಿಂದ ಹತ್ತು ವರ್ಷಕ್ಕೊಂದರಂತೆಯೂ, 1980ರಿಂದ ಇಪ್ಪತ್ತು ವರ್ಷಕ್ಕೊಂದರಂತೆಯೂ ಅವಧಿಯನ್ನು ಹೆಚ್ಚಿಸಿದರು. ನಮ್ಮಲ್ಲಿ ವೇದಪಾಠವು ಗುರುವಿನಿಂದ ಶಿಷ್ಯನಿಗೆ ಇಳಿದು ಬಂದಂತೆ ಅಲ್ಲಿ ಒಂದು ನಕ್ಷೆಯು ಇಳಿದು ಬಂದಿದೆ. ಮಕ್ಕಳಿಗೆ ಪಾಠ ಹೇಳಿ ಆಯುಷ್ಯವನ್ನು ಕಳೆದ ನನ್ನಂಥವನಿಗೆ, ಬೀಜಗಳ ಆಯುಸ್ಸಿಗಿಂತ ಈ ಪರಂಪರೆಯ ಆಯುಸ್ಸೇ ಹೆಚ್ಚು ಆಶ್ಚರ್ಯಕರವಾಗಿ ತೋರುತ್ತದೆ.

ಸೀಸೆಯನ್ನು ಹಗಲಿನಲ್ಲಿ ತೆಗೆಯುವಂತಿಲ್ಲ. ಮಣ್ಣಿನಲ್ಲಿ ಮಲಗಿರುವ ಎಷ್ಟೋ ಸಣ್ಣ ಬೀಜಗಳಿಗೆ ಬೆಳಕೇ ಎಚ್ಚರಿಕೆಯ ಗಂಟೆ. ಬೆಳಕು ಸೋಕಿದರೆ ‘ಮೇಲೆ ಹೊದ್ದಿದ್ದ ಮಣ್ಣು ಸರಿದಿದೆ, ಏಳಬಹುದು’ ಎಂದು ತಿಳಿದುಕೊಂಡಂತೆ ಮೊಳೆಯುತ್ತವೆ. ನಾವು ಪಾತಿಯನ್ನು ಅಗೆದೊಡನೆ ಕಳೆ ಏಳುವುದಕ್ಕೆ ಇದೂ ಒಂದು ಕಾರಣ. ಗುದ್ದಲಿಯು ಮಣ್ಣನ್ನು ಸಡಿಲಿಸುವುದಲ್ಲದೆ ಬೀಜಗಳನ್ನು ಎಬ್ಬಿಸುತ್ತದೆ. ಆದುದರಿಂದ ಈಗಿನ ಶಾಸ್ತ್ರಜ್ಞರು ರಾತ್ರಿಯಲ್ಲಿ, ಬೀಜಗಳನ್ನು ಎಚ್ಚರಿಸದ ಮಂದವಾದ ಹಸುರು ದೀಪದಲ್ಲಿ, ಕಳ್ಳರಂತೆ ಅಗೆಯಬೇಕಾಗಿದೆ. ಸ್ಥಳವನ್ನೂ ಹೊರಗಿನವರಿಗೆ ತಿಳಿಸುವುದಿಲ್ಲ.

ಫಲಿತಾಂಶವೇನು? ಜಾತಿಗಳು ಒಂದೊಂದಾಗಿ ಸೋತುವು. 1960ರಲ್ಲಿ, ಎಂದರೆ ಎಂಬತ್ತು ವರ್ಷಗಳ ಮೇಲೆ, ಮೂರೇ ಜಾತಿಗಳು ಮೊಳೆತವು. ಕಡೆಯವರೆಗೂ ಸೋಲದೆ ನಿಂತದ್ದು ವರ್ಬಾಸ್ಕಮ್ ಎಂಬ ಹಳದಿ ಹೂವಿನ ಒಂದು ಕಾಡುಗಿಡ. 2000ದಲ್ಲಿ ಅದರ 50 ಬೀಜಗಳಲ್ಲಿ 23 ಮೊಳೆತವು. 2020ರಲ್ಲಿ ತೆಗೆಯಬೇಕಾಗಿದ್ದ ಸೀಸೆಯನ್ನು ಕೋವಿಡ್ ಸಾಂಕ್ರಾಮಿಕದ ಕಾರಣ ತಡಮಾಡಿ 2021ರ ಏಪ್ರಿಲಿನಲ್ಲಿ ಸೂರ್ಯೋದಯಕ್ಕೆ ಮುಂಚೆ ತೆಗೆದರು. ಆಗಲೂ 20 ಬೀಜಗಳು ಮೊಳೆತವು. ಅವುಗಳಲ್ಲಿ ಒಂದು ಸಸಿಯ ವಂಶತಂತುವನ್ನು ಪರೀಕ್ಷಿಸಲು, ಅದು ಎರಡು ಜಾತಿಗಳ ಬೆರಕೆಯೆಂದು ತಿಳಿದುಬಂದಿತು. 1879ಕ್ಕೆ ಮುಂಚೆ ಯಾವುದೋ ಒಂದು ಕೀಟವು ಒಂದು ಹೂವಿನ ಪರಾಗವನ್ನು ಮತ್ತೊಂದಕ್ಕೆ ಒಯ್ದುದರ ಸಾಕ್ಷ್ಯವು, ಬೀಜವನ್ನು ಆರಿಸಿದ ಬೀಲರಿಗೂ ತಿಳಿಯದೆ, 140 ವರ್ಷಗಳಿಗೂ ಹೆಚ್ಚು ಕಾಲ ಆ ಸೀಸೆಯಲ್ಲಿತ್ತು.

ಸೀಸೆಯ ಮರಳು ಹೊಲದ ಮಣ್ಣಲ್ಲವೆಂದು ಆಕ್ಷೇಪಿಸಬಹುದು. ಹೊಲದಲ್ಲಿ ಇರುವೆಯುಂಟು, ಹುಳುವುಂಟು, ಬೂಷ್ಟುಂಟು. ಅಲ್ಲಿ ಇಷ್ಟು ಬೀಜಗಳು ಉಳಿಯಲಾರವು. ಆಕ್ಷೇಪಣೆ ನ್ಯಾಯವಾದದ್ದೇ. ಆದರೆ ಮಣ್ಣಿನಲ್ಲಿರುವ ನಿಧಿಯು ದೊಡ್ಡದೆಂಬುದರಲ್ಲಿ ಸಂಶಯವಿಲ್ಲ. ಡಾರ್ವಿನ್ ಮಹಾಶಯರು ಒಂದು ಸಣ್ಣ ಕೊಳದಿಂದ ಮೂರು ದೊಡ್ಡ ಚಮಚದಷ್ಟು ಕೆಸರನ್ನು ತಂದು ಆರು ತಿಂಗಳು ಮುಚ್ಚಿಟ್ಟು, ಹುಟ್ಟಿದ ಸಸಿಗಳನ್ನು ಕಿತ್ತು ಎಣಿಸಲು 537 ಆದುವಂತೆ. ಈಜಿಪ್ಟ್ ದೇಶದ ಗೋರಿಗಳಲ್ಲಿ ದೊರೆತ ಗೋದಿ ಮೊಳೆಯಿತೆಂಬ ಮಾತನ್ನು ಮಾತ್ರ ವಾಚಕರು ನಂಬಬಾರದು, ಅದು ಕಟ್ಟುಕಥೆ. ತಾವರೆಯ ಸಂಗತಿ ಬೇರೆ. ಚೀನಾ ದೇಶದ ಒಂದು ಬತ್ತಿದ ಕೆರೆಯ ತಳದಲ್ಲಿ ದೊರೆತ, ಸುಮಾರು 1300 ವರ್ಷಗಳ ಹಿಂದಿನ ತಾವರೆಬೀಜವೊಂದು ಮೊಳೆತುದನ್ನು 1995ರಲ್ಲಿ ಪ್ರಕಟಿಸಿದ್ದಾರೆ. ಅದರ ಸಿಪ್ಪೆ ಎಷ್ಟು ಗಟ್ಟಿಯೆಂಬುದನ್ನು ತಾವರೆಬೀಜದ ಜಪಮಾಲೆಯುಳ್ಳವರು ಬಲ್ಲರು.

ಇಷ್ಟನ್ನು ಕೇಳಿದವರು, ಹಾಗಾದರೆ ಕಾಡನ್ನು ಕಡಿದರೂ ಭಯವಿಲ್ಲ, ಮಣ್ಣಿನಲ್ಲಿರುವ ಬೀಜಗಳಿಂದ ಪುನಃ ಅದೇ ಕಾಡು ಎದ್ದೀತು ಎಂದುಕೊಳ್ಳಬಹುದು. ವಿಚಾರ ಮಾಡತಕ್ಕ ವಿಷಯವು ಇಲ್ಲಿಯೇ ಇದೆ. ಕಾಡಿನ ನೆಲದ ಮಣ್ಣನ್ನು ತಂದು ತಟ್ಟೆಗಳಲ್ಲಿ ಹರಡಿ, ಹುಟ್ಟಿದ ಸಸಿಗಳನ್ನು ಅಲ್ಲಿ ನಿಂತಿರುವ ಮರಗಳೊಡನೆ ಹೋಲಿಸಿ ನೋಡುವುದು ಸಸ್ಯಪರಿಸರ ಶಾಸ್ತ್ರಜ್ಞರ ನಿತ್ಯದ ಕೆಲಸ. ಹುಲ್ಲುಗಾವಲಿನಲ್ಲಿ ಮೇಲಿರುವುದಕ್ಕೂ ಕೆಳಗಿರುವುದಕ್ಕೂ ಬಹುಮಟ್ಟಿಗೆ ಹೊಂದಿಕೆಯುಂಟು. ಕಾಡಿನಲ್ಲಿ ಅದು ಅತ್ಯಲ್ಪ. ತಲೆಯ ಮೇಲೆ ಮಹಾವೃಕ್ಷಗಳು. ಕಾಲ ಕೆಳಗಿನ ಮಣ್ಣಿನಲ್ಲಿ ಬಿಸಿಲನ್ನು ಬಯಸುವ ಪೊದೆ, ಹುಲ್ಲು, ಕಳೆಗಳ ಬೀಜಗಳು.

ಇದಕ್ಕೆ ಕಾರಣವನ್ನು ನಮ್ಮ ಮನೆಯ ಹಲಸಿನ ಬೀಜವೇ ಹೇಳುತ್ತದೆ. ಸಾಸಿವೆಯನ್ನು ಒಣಗಿಸಿ ಡಬ್ಬಿಯಲ್ಲಿಟ್ಟರೆ ವರ್ಷ ಕಳೆದ ಮೇಲೂ ಬಿತ್ತಬಹುದು. ಹಲಸಿನ ಬೀಜವನ್ನು ಚೆನ್ನಾಗಿ ಒಣಗಿಸಿದರೆ ಅದು ಹುರಿದು ತಿನ್ನಲಿಕ್ಕಾಗುವುದೇ ಹೊರತು ಮೊಳೆಯಲಿಕ್ಕಾಗುವುದಿಲ್ಲ. ಮಾವಿನ ಓಟೆಯೂ ಹಾಗೆಯೇ. ನಮ್ಮ ಪಶ್ಚಿಮಘಟ್ಟದ ಧೂಪದ ಮರವೂ ಹಾಗೆಯೇ. ಉತ್ತರದೇಶದ ಸಾಲವೃಕ್ಷದ ಬೀಜವಂತೂ ಕೆಲವೇ ದಿವಸಗಳಲ್ಲಿ ನಿರ್ಜೀವವಾಗುತ್ತದೆ. ಹಸಿಯಾಗಿಯೇ ನೆಲಕ್ಕೆ ಬಿದ್ದು, ಮಳೆಗಾಲದಲ್ಲಿ ಒಡನೆಯೇ ಬೇರು ಬಿಡುವುದು ಇವುಗಳ ಧರ್ಮ. ಕಾಯುವ ವಿದ್ಯೆ ಇವುಗಳಿಗೆ ಬಾರದು. ನಾರ್ವೆ ದೇಶದ ಸ್ವಾಲ್ಬಾರ್ಡಿನಲ್ಲಿ, ಹಿಮದ ಬೆಟ್ಟದೊಳಗೆ 2008ರಲ್ಲಿ ತೆರೆದ ಬೀಜಭಂಡಾರದಲ್ಲಿಯೂ ಒಣಗಿಸಲಾಗದ ಇಂಥ ಬೀಜಗಳನ್ನು ಇಡುವಂತಿಲ್ಲ. ಹಲಸಿನ ಭಂಡಾರವೆಂದರೆ ಹಣ್ಣು ಬಿಡುತ್ತಿರುವ ಹಲಸಿನ ಮರವೇ.

ಬೀಜದಿಂದ ಮರವೋ ಮರದಿಂದ ಬೀಜವೋ ಎಂಬ ಬೀಜಾಂಕುರನ್ಯಾಯವನ್ನು ಓದುವಾಗ ಎರಡಕ್ಕೂ ನಡುವೆ ಎಷ್ಟು ಕಾಲ ಕಳೆಯಬಹುದೆಂದು ನಮ್ಮಲ್ಲಿ ಯಾರೂ ಕೇಳುತ್ತಿರಲಿಲ್ಲ. ಕಳೆಗೆ ಆ ನಡುವೆ ನೂರು ವರ್ಷವಿದ್ದರೂ ಸರಪಣಿ ಹರಿಯದಿರಬಹುದು. ಧೂಪದ ಮರಕ್ಕೆ ಒಂದು ಬೇಸಗೆಯಷ್ಟು ಅಂತರ ಬಿದ್ದರೂ ಹರಿಯುತ್ತದೆ. ಕಡಿದ ಕಾಡಿನ ಸಮೀಪದಲ್ಲಿ ಫಲ ಬಿಡುವ ಮರಗಳೂ, ಆ ಹಣ್ಣನ್ನು ತಿಂದು ಬೀಜವನ್ನು ಹೊತ್ತು ತರುವ ಮಂಗಟ್ಟೆಹಕ್ಕಿಯಂಥ ಪ್ರಾಣಿಗಳೂ ಉಳಿದಿದ್ದರೆ, ಕಾಡು ನಿಧಾನವಾಗಿಯಾದರೂ ಹಿಂದಿರುಗೀತು. ಅವೂ ಹೋದರೆ ಮಣ್ಣು ತನ್ನಲ್ಲಿರುವುದನ್ನೇ ಕೊಡುತ್ತದೆ. ಅದು ಪೊದೆ ಮತ್ತು ಕಳೆ. ಗುಡ್ಡ ಹಸುರಾಗಿರುವುದನ್ನು ದೂರದಿಂದ ಕಂಡು ಕಾಡು ಬಂದಿತೆಂದು ಹೇಳುವವರು ಹತ್ತಿರ ಹೋಗಿ ನೋಡಬೇಕು.

ಮಿಶಿಗನ್ನಿನ ದಿಬ್ಬದಲ್ಲಿ ಇನ್ನು ನಾಲ್ಕು ಸೀಸೆಗಳು ಉಳಿದಿವೆ. ಮುಂದಿನದನ್ನು 2040ರಲ್ಲಿ ತೆಗೆಯತಕ್ಕದ್ದು, ಕೊನೆಯದನ್ನು 2100ರಲ್ಲಿ. ಅದನ್ನು ಅಗೆಯುವವರು ಇನ್ನೂ ಹುಟ್ಟಿರಲಾರರು.