ಹೆಣ್ಣುಮಕ್ಕಳೂ ನೀರಿನ ದಡವೂ

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ನಾಲ್ಕು ಮಾತು ಬರೆದುಕೊಡಬೇಕೆಂದು ಬಾಯಿಯವರು ಹೇಳಿಕಳಿಸಿದರು. ಇಂಥ ಸಂಚಿಕೆಯಲ್ಲಿ ಹಳೆಯ ವಿದ್ಯಾರ್ಥಿನಿಯರು ಸವಿನೆನಪುಗಳನ್ನು ಬರೆಯುವದು ರೂಢಿ. ನಾನಾದರೋ ಸವಿಯಲ್ಲದ ಒಂದು ನೆನಪಿನಿಂದ ಮೊದಲುಮಾಡಿ, ಪಾಲಕರ ಮುಂದೆ ಒಂದು ವಿನಂತಿಯನ್ನು ಇಡಬೇಕೆಂದಿರುವೆನು.

ನಾನು ಒಂಬತ್ತನೆಯ ಇಯತ್ತೆಯಲ್ಲಿದ್ದಾಗ ನಮ್ಮ ವರ್ಗದವರೆಲ್ಲರೂ ಹಿಡಕಲ್ ಅಣೆಕಟ್ಟನ್ನು ನೋಡಲು ಹೊರಟರು. ಗೆಳತಿಯರು ಬುತ್ತಿಯ ಮಾತನ್ನು ಎಂಟು ದಿನ ಮೊದಲೇ ಆಡತೊಡಗಿದ್ದರು. ಯಾರು ಸಜ್ಜೆಯ ರೊಟ್ಟಿ ತರಬೇಕು, ಯಾರು ಶೇಂಗಾ ಚಟ್ನಿ ತರಬೇಕು ಎಂಬದೆಲ್ಲ ಗೊತ್ತಾಗಿತ್ತು. ಆದರೆ ನಮ್ಮ ತಂದೆಯವರು ಒಪ್ಪಿಗೆಯ ಕಾಗದಕ್ಕೆ ಸಹಿ ಮಾಡಲಿಲ್ಲ. "ನೀರಿನ ಹತ್ತಿರ ಹೆಣ್ಣುಹುಡುಗರಿಗೆ ಏನು ಕೆಲಸ?" ಎಂದಷ್ಟೇ ನುಡಿದು ಎದ್ದು ಹೋದರು. ನಾನು ಆ ದಿನವೆಲ್ಲ ಅತ್ತೆನು. ಅವರ ಮನಸ್ಸಿನ ನೋವು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ಅವರ ತಂಗಿಯು, ಎಂದರೆ ನನ್ನ ಸೋದರತ್ತೆಯು, ಹದಿನಾರನೆಯ ವಯಸ್ಸಿನಲ್ಲಿ ಕೃಷ್ಣೆಯ ದಡದಲ್ಲಿ ಬಟ್ಟೆ ಒಗೆಯುತ್ತಿದ್ದಾಗ ಕಾಲು ಜಾರಿ ಹೋದವಳು. ಅಂದಿನಿಂದ ನಮ್ಮ ಮನೆಯ ಹೆಣ್ಣುಮಕ್ಕಳಿಗೆ ನೀರೆಂದರೆ ನಿಷೇಧ.

ತಂದೆಯವರ ದುಃಖಕ್ಕೆ ನಾನು ತಲೆಬಾಗುತ್ತೇನೆ. ಆದರೆ ಅವರು ತೆಗೆದ ನಿರ್ಣಯಕ್ಕೆ ಒಪ್ಪಲಾರೆನು. ನನ್ನ ಅತ್ತೆಯು ಪ್ರವಾಸಕ್ಕೆ ಹೋಗಿ ಮುಳುಗಿದವಳಲ್ಲ, ದಿನದ ಮನೆಗೆಲಸಕ್ಕೆ ಹೋಗಿ ಮುಳುಗಿದಳು. ಅವಳಿಗೆ ಈಜು ಬರುತ್ತಿರಲಿಲ್ಲ. ಅವಳ ಅಣ್ಣತಮ್ಮಂದಿರೆಲ್ಲರಿಗೂ ಬರುತ್ತಿತ್ತು.

ಈ ಮಾತನ್ನು ತುಸು ವಿಚಾರಿಸಿ ನೋಡಿರಿ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲೂಕುಗಳು ನದಿಗಳ ನಾಡು. ನಿಪ್ಪಾಣಿಯ ಕಡೆಯಿಂದ ವೇದಗಂಗೆ, ದೂಧಗಂಗೆಗಳು ಬರುತ್ತವೆ. ಯಡೂರಿನ ಬಳಿಯಲ್ಲಿ ಅವುಗಳ ನೀರು ಕೃಷ್ಣೆಯನ್ನು ಕೂಡುತ್ತದೆ. ಕೃಷ್ಣೆಯು ಉಗಾರ, ಕುಡಚಿಗಳನ್ನು ದಾಟಿ ಕೆಳಗೆ ಹರಿಯುತ್ತಾಳೆ. ಹಿಪ್ಪರಗಿಯಲ್ಲಿ ಬ್ಯಾರೇಜು ಆದ ಮೇಲೆ ಅದರ ಹಿನ್ನೀರು ನಮ್ಮ ಸೀಮೆಯ ದಡಗಳನ್ನು ತುಂಬಿ ನಿಲ್ಲುತ್ತದೆ. ಈ ನೀರಿಗೆ ದಿನವೂ ಇಳಿಯುವವರು ಯಾರು? ಬಟ್ಟೆಯ ಗಂಟು ಹೊತ್ತವರು, ಕೊಡ ತುಂಬುವವರು, ಎಮ್ಮೆಯ ಮೈ ತೊಳೆಯುವವರು. ಇವರಲ್ಲಿ ಹೆಚ್ಚಿನವರು ಹೆಂಗಸರು. ಗಂಡುಹುಡುಗನು ಎಂಟು ವರ್ಷದವನಾದೊಡನೆ ಕಾಕಾನು ಅವನ ಬೆನ್ನಿಗೆ ಖಾಲಿ ಡಬ್ಬಿ ಕಟ್ಟಿ ಬಾವಿಗೆ ಇಳಿಸಿ ಈಜು ಕಲಿಸುವನು. ಅವನ ಅಕ್ಕನು ಬಾವಿಯ ಕಟ್ಟೆಯ ಮೇಲೆ ಅವನ ಅಂಗಿಯನ್ನು ಹಿಡಿದುಕೊಂಡು ನಿಲ್ಲುವಳು. ಇದು ಯಾವ ನ್ಯಾಯ?

2005ರಲ್ಲಿಯೂ 2019ರಲ್ಲಿಯೂ ಮಹಾಪೂರ ಬಂದದ್ದನ್ನು ನಾವೆಲ್ಲರೂ ಕಂಡೆವು. ಘಟ್ಟದ ಮೇಲೆ ಮಳೆ ಸುರಿದು ಮೇಲಿನ ಅಣೆಕಟ್ಟುಗಳು ತುಂಬಿದಾಗ, ನಮ್ಮಲ್ಲಿ ಹನಿ ಬೀಳದಿದ್ದರೂ ನದಿಯು ಏರುತ್ತದೆ. ಕಲ್ಲೋಳ–ಯಡೂರ, ಭೋಜ–ಕಾರದಗಾ ಮೊದಲಾದ ಕೆಳಮಟ್ಟದ ಸೇತುವೆಗಳು ಮಳೆಗಾಲ ಬಂದಿತೆಂದರೆ ಮುಳುಗುವದು ನಮಗೆ ಹೊಸದಲ್ಲ. ಆ ಮಹಾಪೂರಗಳಲ್ಲಿ ಎಷ್ಟೋ ತಾಯಂದಿರು ಕೂಸುಗಳನ್ನು ಎತ್ತಿಕೊಂಡು ದೋಣಿ ಹತ್ತಬೇಕಾಯಿತು. ನೀರಿನ ಹತ್ತಿರ ಹೋಗಬೇಡವೆಂದು ಮಗಳನ್ನು ತಡೆಯಬಹುದು. ನೀರೇ ಮನೆಯ ಬಾಗಿಲಿಗೆ ಬಂದರೆ ಅದನ್ನು ತಡೆಯುವವರಾರು?

ಆದುದರಿಂದ ನನ್ನ ಅಭಿಪ್ರಾಯವು ಇಷ್ಟೇ: ಶಾಲೆಯು ಜಲಾಶಯದ ಪ್ರವಾಸವನ್ನು ಏರ್ಪಡಿಸಿದಾಗ ಪಾಲಕರು ಸಂತೋಷದಿಂದ ಒಪ್ಪಿಗೆ ಕೊಡಬೇಕು, ಅದರ ಜೊತೆಗೆ ಪ್ರತಿಯೊಬ್ಬ ಹುಡುಗಿಯೂ ಈಜನ್ನು ಕಲಿಯಬೇಕು. ಇವೆರಡೂ ಒಂದೇ ಶಿಕ್ಷಣದ ಎರಡು ಭಾಗಗಳು.

ಅಣೆಕಟ್ಟು ಎಂದೊಡನೆ ನಮ್ಮವರಿಗೆ ದೂರದ ಕನ್ನಂಬಾಡಿಯೂ ಅಲ್ಲಿಯ ಬಣ್ಣದ ಕಾರಂಜಿಗಳೂ ನೆನಪಾಗುತ್ತವೆ. ಅವು ಚೆಲುವಾದವೇ ಸರಿ. ಆದರೆ ಮುಂಜಾನೆ ಹೊರಟು ಸಂಜೆಗೆ ತಿರುಗಿ ಬರಬಹುದಾದ ಹಿಡಕಲ್ಲು ನಮ್ಮ ಅನ್ನಕ್ಕೆ ಸಂಬಂಧಪಟ್ಟದ್ದು. ಘಟಪ್ರಭೆಗೆ ಕಟ್ಟಿದ ಈ ಅಣೆಕಟ್ಟಿಗೆ ವಂಟಮುರಿಯ ರಾಜಾ ಲಖಮಗೌಡರ ಹೆಸರಿದೆ. ತುಂಬಿದಾಗ ಸುಮಾರು 51 ಟಿ.ಎಂ.ಸಿ. ನೀರು ಹಿಡಿಯುತ್ತದೆ, ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ಇಲ್ಲಿಂದ ಹೊರಟ ಚಿಕ್ಕೋಡಿ ಶಾಖಾ ಕಾಲುವೆಯು ನಮ್ಮ ಕಡೆಯ ಹೊಲಗಳಿಗೆ ಬರುತ್ತದೆ. ಕಬ್ಬಿನ ಹೊಲದಲ್ಲಿ ಬೆಳೆದ ಹುಡುಗಿಯು ಆ ನೀರಿನ ತವರನ್ನು ಒಮ್ಮೆಯಾದರೂ ಕಣ್ಣಾರೆ ಕಾಣಬೇಡವೇ?

ನಾನು ಅದನ್ನು ಮೊದಲು ಕಂಡದ್ದು ನಾಲ್ವತ್ತನೆಯ ವಯಸ್ಸಿನಲ್ಲಿ, ನನ್ನ ಮಗಳ ಕೈ ಹಿಡಿದುಕೊಂಡು. ಬೇಸಿಗೆಯ ದಿನ; ನೀರು ಬಹಳ ಇಳಿದಿತ್ತು. ಅಣೆಕಟ್ಟಿನಿಂದ ಹಿನ್ನೀರಿನ ಕಡೆಗೆ ಹೋದೆವು. ಅಲ್ಲಿ ಹುನ್ನೂರಿನ ವಿಠ್ಠಲನ ಗುಡಿಯಿದೆ. ಜಲಾಶಯವಾದ ಮೇಲೆ ಊರು ಮುಳುಗಿತು, ಜನರು ಬೇರೆಡೆಗೆ ಹೋದರು, ಕಲ್ಲಿನ ಗುಡಿ ಮಾತ್ರ ಅಲ್ಲಿಯೇ ಉಳಿಯಿತು. ವರ್ಷದ ಹೆಚ್ಚು ಕಾಲ ನೀರಿನೊಳಗಿದ್ದು, ಬೇಸಿಗೆಯಲ್ಲಿ ನೀರು ಇಳಿದಾಗ ಮೇಲೆ ಕಾಣಿಸಿಕೊಳ್ಳುತ್ತದೆ. ಕಂಬಗಳ ಮೇಲೆ ಒಣಗಿದ ಕೆಸರಿನ ಗುರುತುಗಳಿದ್ದವು. ಮಗಳು ನನ್ನನ್ನು, "ಅವ್ವಾ, ಇಲ್ಲಿದ್ದವರು ಎಲ್ಲಿ ಹೋದರು?" ಎಂದು ಕೇಳಿದಳು. ನಮ್ಮ ಹೊಲಕ್ಕೆ ನೀರು ಬರಲೆಂದು ಬೇರೆಯವರು ಮನೆ ಬಿಟ್ಟರೆಂದು ನಾನು ಹೇಳಿದೆನು. ಆ ದಿನದಿಂದ ನಮ್ಮ ಮನೆಯಲ್ಲಿ ನಳವನ್ನು ಸುಮ್ಮನೆ ಹರಿಯಬಿಟ್ಟರೆ ಗದರಿಸುವವಳು ಅವಳೇ. ಯಾವ ಪಾಠಪುಸ್ತಕವೂ ಅವಳಿಗೆ ಇಷ್ಟನ್ನು ಕಲಿಸಿರಲಿಲ್ಲ.

ಅದೇ ನದಿಯಗುಂಟ ಕೆಳಗೆ ಹೋದರೆ ಬ್ರಿಟಿಷರ ಕಾಲದ ಧೂಪದಾಳ ಒಡ್ಡು ಸಿಗುತ್ತದೆ. ಅಲ್ಲಿಯ ನಿಂತ ನೀರಿನಲ್ಲಿ ಘಟಪ್ರಭಾ ಪಕ್ಷಿಧಾಮವಿದೆ. ಚಳಿಗಾಲದಲ್ಲಿ ಕರ್ಕರ ಕೊಕ್ಕರೆಗಳು ಉತ್ತರದ ದೂರ ದೇಶಗಳಿಂದ ಹಾರಿ ಬರುತ್ತವೆ. ಮುಂಜಾನೆಯ ಹೊತ್ತಿಗೆ ಸದ್ದುಮಾಡದೆ ಕುಳಿತವರಿಗೆ ಅವು ಕಾಣುವವು. ಇನ್ನೂ ಕೆಳಗೆ ನದಿಯು ಗೋಕಾಕದಲ್ಲಿ ಸುಮಾರು 170 ಅಡಿ ಧುಮುಕುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿಯೇ ಅಲ್ಲಿ ನೀರಿನ ಬಲದಿಂದ ನೂಲಿನ ಗಿರಣಿ ನಡೆಯಿತು. ಒಂದೇ ನದಿಯು ಹೊಲ, ಹಕ್ಕಿ, ಗಿರಣಿ ಮೂರನ್ನೂ ಸಾಕಿದ್ದನ್ನು ಮಕ್ಕಳು ನಡೆದು ನೋಡಿ ತಿಳಿಯಲಿ.

ಪಾಲಕರ ಭಯವು ಸುಳ್ಳೆಂದು ನಾನು ಹೇಳುವದಿಲ್ಲ. ಅಣೆಕಟ್ಟಿನ ಬಾಗಿಲು ತೆರೆದಾಗ ಕೆಳಗಿನ ನದಿಯು ನೋಡುನೋಡುತ್ತ ಏರುವದು. ಹಿನ್ನೀರಿನ ದಡದಲ್ಲಿ ಮೇಲೆ ಒಣಗಿದಂತೆ ಕಂಡ ಕೆಸರು ಒಳಗೆ ಹಸಿಯಾಗಿರುವದು. ಮೊಬೈಲಿನಲ್ಲಿ ಚಿತ್ರ ತೆಗೆಯುವ ಹುಚ್ಚಿನಿಂದ ಹಾಸುಬಂಡೆಯ ತುದಿಗೆ ಹೋಗಿ ಪ್ರಾಣ ಕಳೆದುಕೊಂಡವರ ಸುದ್ದಿಯನ್ನು ಓದುತ್ತಲೇ ಇದ್ದೇವೆ. ಈಜು ಬಂದ ಮಾತ್ರಕ್ಕೆ ಜಲಾಶಯದಲ್ಲಿ ಇಳಿಯಬೇಕೆಂದೂ ನನ್ನ ಮಾತಿನ ಅರ್ಥವಲ್ಲ. ಈಜುಕೊಳದ ನೀರು ಬೇರೆ, ಹೊಳೆಯ ನೀರು ಬೇರೆ. ಆದರೆ ಅಪಾಯವನ್ನು ಅರಿತವರ ಜೊತೆಗೆ ಹೋಗಿ ಅದರ ಗುರುತುಗಳನ್ನು ಕಲಿಯುವದು, ಮನೆಯಲ್ಲಿ ಕುಳಿತು ಅಂಜುವದಕ್ಕಿಂತ ಮೇಲಲ್ಲವೇ? ಅಂಜಿಕೆಯು ಯಾರಿಗೂ ತೇಲುವದನ್ನು ಕಲಿಸಿಲ್ಲ.

ಶಾಲೆಯ ಚಾಲಕರಿಗೂ ಹಳೆಯ ವಿದ್ಯಾರ್ಥಿನಿಯರಿಗೂ ನನ್ನ ಸೂಚನೆಗಳು ಮೂರು. ಮೊದಲನೆಯದು, ಬೇಸಿಗೆಯ ಸೂಟಿಯಲ್ಲಿ ಹೆಣ್ಣುಮಕ್ಕಳಿಗಾಗಿಯೇ, ಕಲಿಸಬಲ್ಲ ಹೆಂಗಸರ ಕೈಕೆಳಗೆ, ಈಜಿನ ವರ್ಗವನ್ನು ನಡೆಸಬೇಕು. ಬಡ ಮಕ್ಕಳ ವೆಚ್ಚವನ್ನು ಹಳೆಯ ವಿದ್ಯಾರ್ಥಿನಿಯರಾದ ನಾವು ಹೊರೋಣ. ಮೊದಲಿನ ಇಬ್ಬರು ಹುಡುಗಿಯರ ವೆಚ್ಚ ನನ್ನದಿರಲಿ. ಎರಡನೆಯದು, ವರ್ಷಕ್ಕೆ ಎರಡು ಪ್ರವಾಸಗಳಿರಲಿ: ಚಳಿಗಾಲದಲ್ಲಿ ಹಕ್ಕಿಗಳಿಗಾಗಿ ಧೂಪದಾಳಕ್ಕೆ, ಬೇಸಿಗೆಯ ಮೊದಲಲ್ಲಿ ಹಿಡಕಲ್ಲಿಗೆ. ಇಷ್ಟು ಹುಡುಗಿಯರಿಗೆ ಇಷ್ಟು ಬಾಯಿಯವರು ಎಂದು ಮೊದಲೇ ಗೊತ್ತುಮಾಡಬೇಕು. ಹಗ್ಗವನ್ನೂ ಗಾಳಿ ತುಂಬಿದ ಟ್ಯೂಬನ್ನೂ ಜೊತೆಗೆ ಒಯ್ಯಬೇಕು. ಮೂರನೆಯದು, ಮುಳುಗುವವರನ್ನು ಕಂಡಾಗ ತಾವು ಹಾರದೆ, ಹಗ್ಗವನ್ನಾಗಲಿ ಸೀರೆಯ ತುದಿಯನ್ನಾಗಲಿ ಖಾಲಿ ಡಬ್ಬಿಯನ್ನಾಗಲಿ ಎಸೆಯಬೇಕೆಂಬದನ್ನು ಎಲ್ಲ ಮಕ್ಕಳಿಗೂ ಮಾಡಿ ತೋರಿಸಬೇಕು. ನನ್ನ ಅತ್ತೆಯು ಜಾರಿದ ದಿನ ದಡದಲ್ಲಿ ನಾಲ್ವರು ಹೆಂಗಸರಿದ್ದರು. ನಾಲ್ವರ ಮೈಮೇಲೂ ಸೀರೆಗಳಿದ್ದವು. ಅದನ್ನು ಎಸೆಯಬೇಕೆಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ನನ್ನ ಮಗಳು ಈಜು ಕಲಿತ ವರ್ಷ ತಂದೆಯವರು ಇನ್ನೂ ಇದ್ದರು. ಅವಳು ನೀರಿನಲ್ಲಿ ಅತ್ತಿಂದಿತ್ತ ಹೋಗುವದನ್ನು ದಡದ ಮೇಲೆ ನಿಂತು ಬಹಳ ಹೊತ್ತು ನೋಡಿದರು. ಮನೆಗೆ ಬಂದ ಮೇಲೆ ನನ್ನನ್ನು ಕರೆದು, "ತಂಗಿ, ಆ ದಿನ ನಿನ್ನ ಕಾಗದಕ್ಕೆ ನಾನು ಸಹಿ ಮಾಡಬೇಕಾಗಿತ್ತು" ಎಂದರು. ಮಾನ್ಯ ಪಾಲಕರೇ, ಈ ವರ್ಷ ನಿಮ್ಮ ಮಗಳು ಅಂಥದೇ ಒಂದು ಕಾಗದವನ್ನು ಮನೆಗೆ ತಂದಾಗ ನಿಮ್ಮ ಕೈ ಹಿಂಜರಿಯದಿರಲಿ.